ಸುಂಕಲಮ್ಮ ಗುಡ್ಡ ಇಳಿದ ಬಗೆ

ಸುಂಕಲಮ್ಮ ಹುಟ್ಟಿ ಬೆಳೆದದ್ದು ಸಿರುಗುಪ್ಪದ ಗದ್ದೆ ಬಯಲಲ್ಲಿ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ನೆಲ ಚಪ್ಪಟೆ. ಒಡ್ಡು ದಾಟಿದರೆ ಗದ್ದೆ, ಗದ್ದೆ ದಾಟಿದರೆ ಇನ್ನೊಂದು ಒಡ್ಡು, ಕೊನೆಗೆ ಹೊಳೆ. ಏರು ಎಂಬುದನ್ನು ಅವಳು ಕಂಡವಳೇ ಅಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಗಿ, ಹಿಂದೆ ಹಿಂದೆ ಸರಿಯುತ್ತ ಸಸಿ ನೆಡುವುದರಲ್ಲಿ ಮಾತ್ರ ಅವಳ ಸರಿಸಮಕ್ಕೆ ನಿಲ್ಲುವ ಹೆಂಗಸು ಆ ಸೀಮೆಯಲ್ಲಿ ಇರಲಿಲ್ಲ.

ಮದುವೆಯಾದದ್ದು ತಾಯಿಯ ತಮ್ಮ ಓಬಣ್ಣನನ್ನು. ಸಾವಿರದ ಒಂಬೈನೂರ ಐವತ್ತೊಂದರ ಮಳೆಗಾಲಕ್ಕೆ ಮುಂಚೆ ಅವನು ಅವಳನ್ನು ಕುರುಗೋಡಿಗೆ ಕರೆತಂದ. ತುಂಗಭದ್ರೆಯ ಕಾಲುವೆ ಕೆಲಸಕ್ಕೆ ಗಾಡಿಗಟ್ಟಲೆ ಕಲ್ಲು ಬೇಕಾಗಿದ್ದ ಕಾಲ ಅದು. ಮೈಲಾರಪ್ಪನೆಂಬ ಮೇಸ್ತ್ರಿಯ ಕೈಕೆಳಗೆ ಓಬಣ್ಣ ಕಲ್ಲು ಒಡೆಯುವ ಕೆಲಸಕ್ಕೆ ನಿಂತ. ಕಲ್ಲು ಸಿಗುತ್ತಿದ್ದದ್ದು ಗುಡ್ಡದ ನಡುಮಟ್ಟದಲ್ಲಿ. ಮಧ್ಯಾಹ್ನದ ಬುತ್ತಿ ಅಲ್ಲಿಗೆ ಒಯ್ಯುವುದು ಸುಂಕಲಮ್ಮನ ಪಾಲಿಗೆ ಬಂತು.

ಮೊದಲ ದಿನ ಅವಳು ರೊಟ್ಟಿ, ಪುಂಡಿಪಲ್ಯದ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಕೈಕಾಲು ಊರಿ ಹತ್ತಿದಳು. ಹತ್ತುವುದು ಹೇಗೋ ಆಯಿತು. ಇಳಿಯುವಾಗ ಹಾಸುಬಂಡೆಯ ನಡುವೆ ನಿಂತು ಕೆಳಗೆ ನೋಡಿದಳು. ಕುರುಗೋಡಿನ ಮನೆಗಳು ಹರಡಿದ ಬೆಂಕಿಪೆಟ್ಟಿಗೆಗಳಂತೆ ಕಂಡವು. ಮುಂದಕ್ಕೂ ಹೋಗಲಾರಳು, ಹಿಂದಕ್ಕೂ ಬರಲಾರಳು. ಕೊನೆಗೆ ಕುಳಿತಳು. ಕುಳಿತಲ್ಲಿಂದಲೇ ಜಾರುತ್ತ ಜಾರುತ್ತ ಕೆಳಗೆ ಬರುವ ಹೊತ್ತಿಗೆ ಸೀರೆಯ ಹಿಂಬದಿ ಜರಡಿಯಾಗಿತ್ತು. ಮೇಲೆ ಕಲ್ಲೊಡೆಯುವವರು ಸುತ್ತಿಗೆ ಬದಿಗಿಟ್ಟು ನಕ್ಕರು. ಆ ನಗೆ ಬಂಡೆಯಿಂದ ಬಂಡೆಗೆ ಬಡಿದು ಊರಿಗೇ ಕೇಳಿಸಿತೇನೋ ಎಂದು ಅವಳಿಗೆ ಅನ್ನಿಸಿತು.

ಗುಡ್ಡದ ಬುಡದಲ್ಲಿ ಬಾದನಹಟ್ಟಿಯ ಹುಲುಗಮ್ಮ ಆಡು ಮೇಯಿಸುತ್ತಿದ್ದಳು. ತಲೆಯೆಲ್ಲ ಬೆಳ್ಳಗಾದ, ಒಣಗಿದ ಜಾಲಿಯಂಥ ಮುದುಕಿ. ಬಾಯಲ್ಲಿ ಯಾವಾಗಲೂ ಹೊಗೆಸೊಪ್ಪು.

"ಏನಬೇ, ಗುಡ್ಡ ಇಳಿಯಾಕ ಕುಂಡಿ ಬೇಕೇನು? ಕಾಲು ಯಾವಾಗಿಗೆ ಅಂತ ಇಟಗಂಡೀ?" ಎಂದಳು.

ಸುಂಕಲಮ್ಮನಿಗೆ ಅಳು ಬಂತು. ಅಳುವಿನ ಜೊತೆ ಸಿಟ್ಟೂ ಬಂತು. "ನಮ್ಮೂರಾಗ ಗುಡ್ಡ ಇಲ್ಲಬೇ. ನೀ ನಮ್ಮ ಕೆಸರಾಗ ನಿಂದ್ರು ಬಾ, ನೋಡಾನು," ಎಂದಳು.

ಮುದುಕಿ ಕ್ಯಾಕರಿಸಿ ಉಗುಳಿದಳು. "ಬಾಯಿ ಚಲೋ ಐತಿ. ನಾಳಿ ಬಾ. ಕಾಲೂ ಚಲೋ ಐತೇನು ನೋಡ್ತೀನಿ."

ಮಾರನೆಯ ದಿನ ಸುಂಕಲಮ್ಮ ಬುತ್ತಿಯ ಹೊತ್ತಿಗಿಂತ ಬಹಳ ಮುಂಚೆಯೇ ಬಂದಳು. ಹುಲುಗಮ್ಮ ಒಳ್ಳೆಯ ಗುರುವೇನೂ ಅಲ್ಲ. ತಾಳ್ಮೆ ಇರಲಿಲ್ಲ, ಹೇಳಿದ್ದನ್ನು ಎರಡನೆಯ ಸಲ ಹೇಳುತ್ತಿರಲಿಲ್ಲ; ಪ್ರಾಯದಲ್ಲಿ ತಾನು ಹೆಗಲ ಮೇಲೆ ಹೋತ ಹೊತ್ತು ಗುಡ್ಡದ ನೆತ್ತಿಗೆ ಓಡಿದ್ದೆ ಎಂದು ದಿನಕ್ಕೊಂದು ಬಗೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದಳು. ಆದರೆ ಅವಳು ಇಳಿಯುವುದನ್ನು ನೋಡಬೇಕಿತ್ತು. ಹತ್ತುವಾಗ ಸೊಂಟ ಹಿಡಿದು ನರಳುವ ಮುದುಕಿ, ಇಳಿಜಾರು ಬಂದೊಡನೆ ಮೊಣಕಾಲು ಸ್ವಲ್ಪ ಮಡಚಿ, ಚಿಕ್ಕ ಚಿಕ್ಕ ಹೆಜ್ಜೆಯಿಡುತ್ತ, ಉದುರಿದ ಹುಣಸೆಬೀಜದ ಹಾಗೆ ಪಟಪಟನೆ ಕೆಳಗೆ ಬಂದುಬಿಡುತ್ತಿದ್ದಳು.

"ಹಿಮ್ಮಡ ಊರಬ್ಯಾಡ, ಜಾರತೈತಿ. ಪಾದ ಪೂರಾ ಕಲ್ಲಿಗೆ ಅಂಟಬೇಕು. ಕಾಲು ನೋಡಬ್ಯಾಡ, ಮುಂದ ಕಾಲು ಎಲ್ಲಿ ಬೀಳಬೇಕು ಅದನ್ನ ನೋಡು."

"ಬಿದ್ರ?"

"ಬಿದ್ರ ಏಳು. ಮತ್ತೇನು ಮಾಡ್ತೀ?"

ಸುಂಕಲಮ್ಮ ಬಿದ್ದಳು. ಮೊಣಕೈ ತರಚಿತು, ಹೆಬ್ಬೆರಳಿನ ಉಗುರು ಕಿತ್ತುಬಂತು. ಒಂದು ಸಲ ಕಳ್ಳಿಯ ಮೆಳೆಯೊಳಗೇ ಹೋಗಿ ಬಿದ್ದು, ಸಂಜೆ ಓಬಣ್ಣ ಗೊಣಗುತ್ತ ಮುಳ್ಳು ತೆಗೆದ. ಹತ್ತುವುದನ್ನಂತೂ ಅವಳು ತನ್ನಷ್ಟಕ್ಕೆ ತಾನೇ ಕಲಿತಳು. ಮೊದಮೊದಲು ಬುಡದಿಂದಲೇ ಓಡಲು ಹೋಗಿ, ಅರ್ಧ ಏರುವ ಮುಂಚೆ ಕಣ್ಣು ಕತ್ತಲಿಟ್ಟು ಕೂರುತ್ತಿದ್ದಳು. ಆಮೇಲೆ ಒಂದು ದಿನ, ಕೆಸರಿನಲ್ಲಿ ಯಾರೂ ಓಡುವುದಿಲ್ಲವಲ್ಲ ಎಂಬುದು ಹೊಳೆಯಿತು. ಕೆಸರಿನಲ್ಲಿ ಕಾಲನ್ನು ಬೇಗ ಕಿತ್ತರೆ ದಣಿವು. ನಿಧಾನಕ್ಕೆ, ಒಂದೇ ಸಮನೆ ಎತ್ತಿಟ್ಟರೆ ಇಡೀ ದಿನ ನಡೆಯಬಹುದು. ಹಾಗೆಯೇ ಮಾಡಿ ನೋಡಿದಳು. ಏರು ಕಡಿದಾದಲ್ಲಿ ಎರಡೂ ಕೈಯನ್ನು ತೊಡೆಯ ಮೇಲಿಟ್ಟು, ಒತ್ತಿ ಒತ್ತಿ ನಡೆದಳು. ಸ್ವಲ್ಪ ಸಡಿಲಾದಲ್ಲಿ ಓಡಿದಳು. ಅವತ್ತು ಎಲ್ಲಿಯೂ ಕೂರದೆ ಕಲ್ಲೊಡೆಯುವ ಜಾಗ ಮುಟ್ಟಿ, ಬುತ್ತಿ ಇಳಿಸಿ, ಸುಮ್ಮನೆ ನಕ್ಕಳು.

"ಯಾಕ ನಗತೀ?" ಎಂದ ಓಬಣ್ಣ.

"ಏನಿಲ್ಲ ಮಾವ. ಉಸಿರು ಐತಿ ಇನ್ನಾ."

ದೀಪಾವಳಿ ಬರುವಷ್ಟರಲ್ಲಿ ಸುಂಕಲಮ್ಮ ಬುತ್ತಿ ಇಟ್ಟು ಹಾಗೇ ನೆತ್ತಿಯವರೆಗೆ ಹೋಗಿಬರುವುದನ್ನು ರೂಢಿ ಮಾಡಿಕೊಂಡಿದ್ದಳು. ಸೀರೆಯನ್ನು ಗದ್ದೆಗೆ ಇಳಿಯುವಾಗಿನ ಹಾಗೆ ಕಚ್ಚೆ ಹಾಕಿ ಬಿಗಿಯುವಳು. ಗಾಳಿ ಕಿವಿಯಲ್ಲಿ ಭರ್ರೆನ್ನುತ್ತಿರಲು, ಬಂಡೆಯಿಂದ ಬಂಡೆಗೆ ಕಾಲು ತಾನಾಗಿಯೇ ಜಾಗ ಹುಡುಕಿಕೊಳ್ಳುತ್ತಿರಲು, ಅವಳಿಗೆ ಮೈಯಲ್ಲಿ ಭಾರವೇ ಇಲ್ಲದಂತೆ ಅನ್ನಿಸುತ್ತಿತ್ತು. ಇಂಥ ಸಂತೋಷ ಒಂದಿದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಊರಿನವರು ಸುಮ್ಮನಿರುತ್ತಾರೆಯೇ? ಓಬಣ್ಣನ ಹೆಂಡತಿಗೆ ಗಾಳಿ ಸೋಕಿದೆ ಎಂದು ಬಾವಿಯ ಬಳಿ ಮಾತಾಯಿತು. ಕಲ್ಲೊಡೆಯುವಲ್ಲಿ ಮೇಸ್ತ್ರಿ ಮೈಲಾರಪ್ಪ ಬೇರೆ ಬಗೆಯಲ್ಲಿ ಕೆಣಕಿದ. ಮೈಲಾರಪ್ಪ ಗರಡಿಯಾಳು, ಕಂಬದಂಥ ತೊಡೆಯವನು. ಬಳ್ಳಾರಿಯಲ್ಲಿ ಒಂದು ವ್ಯಾಯಾಮ ಸಂಘದವರು ಸಂಕ್ರಾಂತಿ ಆದ ಮೇಲೆ ಕೋಟೆಗುಡ್ಡದ ಓಟ ಇಟ್ಟಿದ್ದಾರೆ, ಬುಡದಿಂದ ನೆತ್ತಿಯ ಮೇಲುಕೋಟೆಗೆ ಹೋಗಿ ತಿರುಗಿ ಬರಬೇಕು, ನಾನು ಹೋಗುವವನಿದ್ದೇನೆ ಎಂದು ಅವನು ಎಲ್ಲರೆದುರು ಹೇಳಿದ. ಓಬಣ್ಣ, "ನಾನೂ ಬರ್ತೀನಿ ಮೇಸ್ತ್ರಿ," ಎಂದ.

"ನೀ ಯಾಕಲೇ? ನಿನ್ನ ಹೇಣ್ತಿನ್ನ ಕಳಸು. ನಿನಗಿಂತ ಆಕಿನ ಜೋರು ಅದಾಳ," ಎಂದ ಮೈಲಾರಪ್ಪ. ಎಲ್ಲರೂ ನಕ್ಕರು.

ಆ ಸಂಜೆ ಓಬಣ್ಣ ಉಣ್ಣುವಾಗ ತಲೆ ಎತ್ತಲಿಲ್ಲ. ಕೈ ತೊಳೆದ ಮೇಲೆ, "ನಾಳಿಂದ ಬುತ್ತಿ ತರಬ್ಯಾಡ. ನಾನ ಒಯ್ತೀನಿ," ಎಂದ.

"ಯಾಕ ಮಾವ?"

"ತರಬ್ಯಾಡ ಅಂದ್ನೆಲ್ಲ."

ಕೆಲವು ದಿನ ಅವಳು ಗುಡ್ಡದ ಕಡೆ ಹೋಗಲಿಲ್ಲ. ಹೊಲದ ಕೂಲಿಗೆ ಹೋದಳು, ಬಂದಳು. ಆದರೆ ಕಾಲು ಕೇಳಲಿಲ್ಲ. ಕುಳಿತಲ್ಲಿ ಕಾಲು ಜುಮುಜುಮು. ಮಲಗಿದರೆ ಮೀನಖಂಡ ತಾನಾಗಿ ಸೆಟೆಯುತ್ತಿತ್ತು. ಗುಡ್ಡ ಬಾಗಿಲಿನೆದುರಿಗೇ ನಿಂತಿತ್ತು. ಕೊನೆಗೆ ಒಂದು ಬೆಳಿಗ್ಗೆ, ಓಬಣ್ಣ ರುಮಾಲು ಸುತ್ತಿಕೊಳ್ಳುತ್ತಿದ್ದಾಗ, ಅವನೆದುರು ನಿಂತು ಹೇಳಿದಳು: "ಮಾವ, ನಾ ಗುಡ್ಡಕ್ಕ ಹೊಂಟೀನಿ. ಬುತ್ತಿ ಕೊಡಾಕಲ್ಲ, ಓಡಾಕ. ಕದ್ದು ಹೋಗಬಾರದು ಅಂತ ಹೇಳಾಕತ್ತೀನಿ. ಬಳ್ಳಾರಿಗೂ ಬರ್ತೀನಿ."

ಓಬಣ್ಣನ ಕೈಯಲ್ಲಿ ರುಮಾಲು ಅರ್ಧಕ್ಕೇ ನಿಂತಿತು. "ಹುಚ್ಚು ಹಿಡದೈತೇನು? ನನ್ನ ಮಾನ ಏನಾಗಬೇಕು?"

"ನಿನ್ನ ಮಾನಕ್ಕ ನಾ ಏನು ಮಾಡೀನಿ? ಗುಡ್ಡ ಹತ್ತೀನಿ, ಅಷ್ಟ."

ಅವನು ರುಮಾಲು ಕೈಯಲ್ಲೇ ಹಿಡಿದು ಹೊರಗೆ ನಡೆದುಬಿಟ್ಟ. ಅವತ್ತಿನಿಂದ ಬಳ್ಳಾರಿಯ ಓಟದವರೆಗೆ ಗಂಡಹೆಂಡಿರ ನಡುವೆ ಉಪ್ಪು, ನೀರು, ಹೊದಿಕೆ ಇಂಥ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಓಟದ ದಿನ ಬೆಳಿಗ್ಗೆ ಕಲ್ಲು ಸಾಗಿಸುವ ಲಾರಿಯಲ್ಲಿ ಎಲ್ಲರೂ ಹೊರಟರು. ಮೈಲಾರಪ್ಪ ಡ್ರೈವರನ ಪಕ್ಕದಲ್ಲಿ ಕುಳಿತ. ಓಬಣ್ಣ ಹಿಂದೆ ಒಂದು ಮೂಲೆಯಲ್ಲಿ, ಸುಂಕಲಮ್ಮ ಹುಲುಗಮ್ಮನ ಜೊತೆ ಇನ್ನೊಂದು ಮೂಲೆಯಲ್ಲಿ. ಕೊಳಗಲ್ಲು ದಾಟುವಾಗ ದೂರದಲ್ಲಿ ಬಳ್ಳಾರಿಯ ಗುಡ್ಡ ಕಂಡಿತು. ಗಿಡಮರವಿಲ್ಲದ ಒಂದೇ ಒಂದು ದೊಡ್ಡ ಬಂಡೆ, ನೆತ್ತಿಯ ಮೇಲೆ ಕೋಟೆಯ ಗೋಡೆ. ಸುಂಕಲಮ್ಮ ಹುಲುಗಮ್ಮನ ತೋಳು ಹಿಡಿದಳು.

"ಯವ್ವಾ, ಇದು ನಮ್ಮ ಗುಡ್ಡಕ್ಕಿಂತ ಬೋಳು ಐತೆಲ್ಲ."

"ಬೋಳಿದ್ರ ಚಲೋನ ಆತು. ಮುಳ್ಳಿಲ್ಲ," ಎಂದು ಹುಲುಗಮ್ಮ ಹೊಗೆಸೊಪ್ಪು ಕೆನ್ನೆಗೆ ತುರುಕಿಕೊಂಡಳು.

ಗುಡ್ಡದ ಬುಡದಲ್ಲಿ ಜನ ನೆರೆದಿದ್ದರು. ಗರಡಿಯಾಳುಗಳು, ರೈಲ್ವೆಯವರು, ಸೈನ್ಯದ ಪಟಾಲಮ್ಮಿನಿಂದ ಬಿಡುಗಡೆಯಾಗಿ ಬಂದ ಒಬ್ಬಿಬ್ಬರು, ಕಾಲೇಜಿನ ಹುಡುಗರು. ಒಂದು ಚಪ್ಪರದ ಕೆಳಗೆ ಸಂಘದ ಕಾರ್ಯದರ್ಶಿ ಗೋಪಾಲಕೃಷ್ಣ ಕುಳಿತಿದ್ದರು. ಗಾಂಧಿನಗರದ ಕಡೆಯವರು, ಕಚೇರಿಯಲ್ಲಿ ಗುಮಾಸ್ತರು. ಹಣೆಯ ಮೇಲೆ ಅಂಗಾರದ ಗೆರೆ, ಕೊರಳಲ್ಲಿ ಪೀಪಿ. ಸುಂಕಲಮ್ಮ ಸಾಲಿನಲ್ಲಿ ನಿಂತದ್ದನ್ನು ಕಂಡು ಅವರು, "ನೋಡಮ್ಮಾ, ನೋಡಲಿಕ್ಕೆ ಬಂದವರು ಆ ಕಡೆ ನಿಲ್ಲಬೇಕು," ಎಂದರು.

"ನಾ ನೋಡಾಕ ಬಂದಿಲ್ರೀ ಸ್ವಾಮೇರ. ಓಡಾಕ ಬಂದೀನಿ."

ಗೋಪಾಲಕೃಷ್ಣರು ಕನ್ನಡಕ ತೆಗೆದು ಒರೆಸಿಕೊಂಡರು. "ಹೆಂಗಸರು ಓಡೋದು ಇಲ್ಲಿ ಪದ್ಧತಿ ಇಲ್ಲಮ್ಮಾ."

"ಈ ಓಟನ ಇದ ಮೊದಲ್ನೇದು ಅಂತ ಹೇಳಿದ್ರು. ಪದ್ಧತಿ ಯಾವಾಗ ಆತ್ರೀ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೋಪಾಲಕೃಷ್ಣರಿಗೂ ನಗು ತಡೆಯಲಾಗಲಿಲ್ಲ. ಆದರೂ ಹಿಂದುಮುಂದು ನೋಡಿದರು. "ಬಂಡೆ ಮೇಲೆ ಬಿದ್ದು ಕೈಕಾಲು ಮುರಕೊಂಡ್ರೆ ಯಾರು ಜವಾಬ್ದಾರಿ? ನಿಮ್ಮ ಮನೆಯವರು ಯಾರಾದ್ರೂ ಅದಾರೇನು?"

ಸುಂಕಲಮ್ಮ ಗಂಡನ ಕಡೆ ನೋಡಲಿಲ್ಲ. ಓಬಣ್ಣ ಸಾಲಿನಲ್ಲಿ ಮುಂದೆಯೇ ನಿಂತಿದ್ದ. ಅವನು ನೆಲ ನೋಡುತ್ತ, ಯಾರಿಗೂ ಕೇಳಿಸಬಾರದು ಎಂಬ ಹಾಗೆ, "ನಾ ಅದೀನ್ರಿ. ಬಿಡ್ರಿ, ಓಡ್ಲಿ," ಎಂದ.

ಅಷ್ಟು ಹೇಳಿ ಮುಖ ತಿರುಗಿಸಿಕೊಂಡ. ಸುಂಕಲಮ್ಮನಿಗೆ ಅಷ್ಟೇ ಸಾಕಾಗಿತ್ತು.

ಪೀಪಿ ಕೂಗಿತು. ಗಂಡಸರು ಹುರ್ರೆಂದು ಕೂಗಿ ನುಗ್ಗಿದರು. ಮೈಲಾರಪ್ಪ ಎಲ್ಲರ ಮುಂದೆ, ಓಬಣ್ಣ ಅವನ ಬೆನ್ನ ಹಿಂದೆ. ಸುಂಕಲಮ್ಮ ಬೇಕೆಂದೇ ನಿಧಾನಿಸಿದಳು. ನೋಡುತ್ತಿದ್ದವರು, "ಆಗಲೇ ಸುಸ್ತು ನೋಡ್ರಪ್ಪ!" ಎಂದು ಗೇಲಿ ಮಾಡಿದರು. ಅವಳಿಗೆ ಅದು ಕೇಳಿಸಿತು, ಮುಖ ಕೆಂಪೇರಿತು, ಆದರೆ ಹೆಜ್ಜೆ ಬದಲಾಗಲಿಲ್ಲ. ಕೆಸರಲ್ಲಿ ಕಾಲು ಕೀಳುವ ಹಾಗೆ, ಒಂದೇ ಸಮ. ಮೆಟ್ಟಿಲು ಮುಗಿದು ಬರೀ ಬಂಡೆ ಶುರುವಾದಲ್ಲಿ ಕೈಗಳನ್ನು ತೊಡೆಗೆ ಕೊಟ್ಟಳು.

ಅರ್ಧ ಗುಡ್ಡದಲ್ಲಿ ಮುಂದೆ ನುಗ್ಗಿದ್ದವರು ಸಿಗತೊಡಗಿದರು. ಒಬ್ಬ ಕಾಲೇಜು ಹುಡುಗ ಬಂಡೆಗೆ ಒರಗಿ ವಾಂತಿ ಮಾಡುತ್ತಿದ್ದ. ಇಬ್ಬರು ಗರಡಿಯಾಳುಗಳು ಸೊಂಟದ ಮೇಲೆ ಕೈಯಿಟ್ಟು ಬಾಯಿ ತೆರೆದು ನಿಂತಿದ್ದರು. ಅವಳು ಅವರನ್ನು ದಾಟಿದಳು. ತನ್ನ ಉಸಿರು ಕೊಲುಮೆಯ ತಿದಿಯಂತೆ ಏದುತ್ತಿದ್ದರೂ ಲಯ ತಪ್ಪುತ್ತಿರಲಿಲ್ಲ. ಇನ್ನೊಬ್ಬನನ್ನು ದಾಟಿದಳು, ಮತ್ತೊಬ್ಬನನ್ನು. ಕೆಳಗಿನ ಗೇಲಿ ಅಡಗಿ ಗುಜುಗುಜು ಎದ್ದಿತ್ತು.

ಒಂದು ತಿರುವಿನಲ್ಲಿ ಓಬಣ್ಣ ಕುಳಿತಿದ್ದ. ಮೀನಖಂಡ ಹಿಡಿದುಕೊಂಡಿತ್ತು, ಎರಡೂ ಕೈಯಲ್ಲಿ ಕಾಲು ಅಮುಕಿಕೊಂಡು ಹಲ್ಲು ಕಚ್ಚಿದ್ದ. ಸುಂಕಲಮ್ಮ ನಿಂತುಬಿಟ್ಟಳು. "ಮಾವ! ಏನಾತು?" ಎಂದು ಅವನ ಕಾಲಿಗೆ ಕೈ ಹಾಕಿದಳು.

ಓಬಣ್ಣ ತಲೆ ಎತ್ತಿ ಅವಳನ್ನು ನೋಡಿದ. ಬೆವರಿನಲ್ಲಿ ತೊಯ್ದ ಮುಖ, ಬಿಗಿದ ಕಚ್ಚೆ, ನೆಟ್ಟಗೆ ನಿಂತ ಕಾಲು. ಇಷ್ಟು ದಿನ ಬಾಯಿಗೆ ಬರದಿದ್ದದ್ದು ಆ ಗಳಿಗೆಯಲ್ಲಿ ಬಂತು.

"ನಿಂದ್ರಬ್ಯಾಡಲೇ ಸುಂಕೀ! ನನಗೇನೂ ಆಗಿಲ್ಲ. ಹೋಗು! ಮುಂದ ನಾಕೈದು ಮಂದಿ ಅಷ್ಟ ಅದಾರ. ಮೇಸ್ತ್ರಿ ಅಲ್ಲೇ ಅದಾನ, ಕಾಲೆಳಿಯಾಕ ಹತ್ಯಾನ. ಹೋಗು ಅಂದ್ರ!"

"ನಿನ್ನ ಕಾಲು..."

"ಕಾಲು ಎಲ್ಲಿಗೂ ಓಡಿ ಹೋಗಂಗಿಲ್ಲ! ನೀ ಓಡು!"

ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಓಡಿದಳು. ಹಿಂದಿನಿಂದ ಅವನ ಕೂಗು ಬಂಡೆಯ ಮೇಲೆ ಉರುಳುತ್ತ ಬರುತ್ತಲೇ ಇತ್ತು: "ಹೋಗಲೇ! ಹೋಗು!"

ಮೇಲುಕೋಟೆಯ ಬಾಗಿಲಲ್ಲಿ ನೆತ್ತಿ ಮುಟ್ಟಿದ ಗುರುತಿಗಾಗಿ ಸಂಘದವರು ಪ್ರತಿಯೊಬ್ಬರ ಅಂಗೈಗೂ ಕೆಮ್ಮಣ್ಣು ಬಳಿಯುತ್ತಿದ್ದರು. ಪಕ್ಕದಲ್ಲಿ ಒಂದೇ ನೀರಿನ ಕೊಡ, ಎಲ್ಲರಿಗೂ ಒಂದೇ ಚೊಂಬು. ಅವಳು ಅಂಗೈ ಚಾಚಿದಳು, ಒಂದು ಗುಟುಕು ನೀರು ಕುಡಿದಳು, ಚೊಂಬು ಕೊಟ್ಟು ತಿರುಗಿದಳು. ಆಗಲೇ ಇಳಿಯಲು ಹೊರಟಿದ್ದವರು ನಾಲ್ವರು. ಪಟಾಲಮ್ಮಿನವನೊಬ್ಬ ಬಹಳ ದೂರ ಹೋಗಿಬಿಟ್ಟಿದ್ದ. ಅವನ ಹಿಂದೆ ಒಬ್ಬ ರೈಲ್ವೆಯವನು, ಆಮೇಲೆ ಇನ್ನೊಬ್ಬ, ಕೊನೆಗೆ ಮೈಲಾರಪ್ಪ.

ಇನ್ನು ಇಳಿಯುವುದು. ಎದುರಿಗೆ ಬಂಡೆ ಬಟಾಬಯಲಾಗಿ ಕೆಳಗೆ ಹೋಗಿತ್ತು. ಮುಂದಿನವರು ಹಿಮ್ಮಡ ಊರಿ, ಮೈ ಹಿಂದಕ್ಕೆ ವಾಲಿಸಿ, ಹೆಜ್ಜೆಹೆಜ್ಜೆಗೂ ತಡೆದು ಇಳಿಯುತ್ತಿದ್ದರು. ಸುಂಕಲಮ್ಮ ಮೊಣಕಾಲು ಸಡಿಲ ಬಿಟ್ಟಳು. ಮೊದಲ ಹೆಜ್ಜೆ, ಮತ್ತೊಂದು, ಆಮೇಲೆ ಲೆಕ್ಕವೇ ಇಲ್ಲ. ಪಟಪಟ, ಪಟಪಟ. ಕಣ್ಣು ಮುಂದಿನ ಬಂಡೆಯನ್ನು ಹುಡುಕುವುದು, ಕಾಲು ಅಲ್ಲಿರುವುದು. ಗಾಳಿಗೆ ಸೆರಗು ಹಾರಾಡಿತು. ಒಂದು ಕಡೆ ಪಾದ ಜಾರಿತು. ಕೈ ಬೀಸಿ ಮೈ ತೂಗಿಕೊಂಡು ಎರಡು ನೆಗೆತ ನೆಗೆದು ಮತ್ತೆ ಹೆಜ್ಜೆ ಹಿಡಿದಳು. ಮೂರನೆಯವನ ಪಕ್ಕದಲ್ಲಿ ಹಾದುಹೋದದ್ದು ಅವಳಿಗೆ ಗೊತ್ತಾದದ್ದೇ ಅವನು, "ಅರೆ!" ಎಂದಾಗ.

ಹಾಗಾದರೆ ಮೇಸ್ತ್ರಿ? ನಡುವೆ ಒಂದು ಸೀಳಿನ ಅಂಚಿನಲ್ಲಿ ಅವನನ್ನು ಆಗಲೇ ಹಿಂದೆ ಹಾಕಿದ್ದಳು. ಮೈಲಾರಪ್ಪ ಕುಳಿತು, ಕೈ ಊರಿ, ಬಂಡೆಯ ಮೇಲೆ ಜಾರುತ್ತ ಇಳಿಯುತ್ತಿದ್ದ. ಕೆಳಗೆ ನಿಂತ ಹುಲುಗಮ್ಮ ಅದನ್ನು ಕಂಡು ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದಳು. ಏನೆಂದು ಸುಂಕಲಮ್ಮನಿಗೆ ಕೇಳಿಸಲಿಲ್ಲ. ಸುತ್ತಲಿನ ಜನವೆಲ್ಲ ಬಿದ್ದುಬಿದ್ದು ನಗುತ್ತಿದ್ದುದರಿಂದ ಅದು ದೊಡ್ಡವರ ಮುಂದೆ ಹೇಳುವ ಮಾತಲ್ಲವೆಂದು ಮಾತ್ರ ತಿಳಿಯಿತು.

ಕೊನೆಯ ಮೆಟ್ಟಿಲು ಹಾರಿ ಗೆರೆ ದಾಟಿದಾಗ ಅವಳ ಮುಂದಿದ್ದವರು ಇಬ್ಬರೇ, ಪಟಾಲಮ್ಮಿನವನು ಮತ್ತು ರೈಲ್ವೆಯವನು. ಸುಂಕಲಮ್ಮ ಮೂರನೆಯವಳು. ಸಂಘದವರು ಕರೆಸಿದ್ದ ತಮಟೆಯವರು ಯಾರ ಅಪ್ಪಣೆಗೂ ಕಾಯದೆ ಬಾರಿಸಲು ಹಿಡಿದರು. ಬೆಳಿಗ್ಗೆ ಗೇಲಿ ಮಾಡಿದ್ದವರೇ ಕೇಕೆ ಹಾಕಿದರು. ಹುಲುಗಮ್ಮ ಜನರನ್ನು ಮೊಣಕೈಯಿಂದ ತಿವಿಯುತ್ತ ನುಗ್ಗಿ ಬಂದು ಅವಳ ಕೆನ್ನೆ ಹಿಂಡಿದಳು. "ನಾ ಹೋತ ಹೊತ್ತು ಓಡಿದ್ನೆಲ್ಲ, ಅದರ ಅರ್ಧ ಓಡೀ ಇವತ್ತು," ಎಂದಳು. ಅವಳ ಕಣ್ಣು ತುಂಬಿತ್ತು.

ಮೊದಲ ಮೂವರಿಗೆ ಜರಿ ಅಂಚಿನ ರುಮಾಲು ಸುತ್ತುವುದೆಂದು ಸಂಘದವರು ಇಟ್ಟುಕೊಂಡಿದ್ದರು. ಇಬ್ಬರಿಗೆ ಸುತ್ತಿಯಾಯಿತು. ಮೂರನೆಯದನ್ನು ಕೈಯಲ್ಲಿ ಹಿಡಿದು ಗೋಪಾಲಕೃಷ್ಣರು ಪೇಚಿಗೆ ಸಿಕ್ಕಿದರು. ಹೆಂಗಸಿನ ತಲೆಗೆ ರುಮಾಲು ಸುತ್ತುವುದು ಹೇಗೆ? "ಒಂದು ಸೀರೆ ತರಿಸೋಣೇನು?" ಎಂದು ಪಕ್ಕದವರ ಕಿವಿಯಲ್ಲಿ ಕೇಳಿದರು.

"ಸೀರಿ ಯಾಕ್ರೀ ಸ್ವಾಮೇರ?" ಓಬಣ್ಣ ಕುಂಟುತ್ತ ಗುಂಪು ಸೀಳಿ ಬಂದಿದ್ದ. "ಓಡಿ ಗೆದ್ದಾಳ. ಗೆದ್ದೋರಿಗೆ ಏನೈತಿ ಅದನ್ನ ಕೊಡ್ರಿ. ಸುತ್ತಾಕ ನಿಮಗ ಆಗಲಿಲ್ಲಂದ್ರ ನಾ ಸುತ್ತತೀನಿ."

ಗೋಪಾಲಕೃಷ್ಣರು ಅವನನ್ನು ನೋಡಿದರು, ಅವಳನ್ನು ನೋಡಿದರು, ರುಮಾಲನ್ನು ಅವನ ಕೈಗೆ ಕೊಟ್ಟರು. ಓಬಣ್ಣ ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹೆಂಡತಿಯ ಬೆವೆತ ತಲೆಗೆ ಸುತ್ತು ಸುತ್ತಾಗಿ, ನೀಟಾಗಿ, ಜರಿ ಹಣೆಯ ಮೇಲೆ ಬರುವ ಹಾಗೆ ಸುತ್ತಿದ. ತಮಟೆ ಕಿವಿ ಕಿವುಡಾಗುವಂತೆ ಮೊಳಗಿತು. ಮೈಲಾರಪ್ಪ ಧೂಳು ಕೊಡವಿಕೊಳ್ಳುತ್ತ ಬಂದು, "ನಾ ಹೇಳಿರ್ಲಿಲ್ಲೇನಲೇ, ಆಕಿನ ಕಳಸು ಅಂತ?" ಎಂದ. ಈ ಸಲ ಅವನ ಜೊತೆ ಓಬಣ್ಣನೂ ನಕ್ಕ.

ಬಿಸಿಲೇರಿತು. ಜನ ಚದುರತೊಡಗಿದರು. ಲಾರಿಯ ಡ್ರೈವರ್ ಹಾರ್ನ್ ಹೊಡೆದು ಕರೆದ. ಸುಂಕಲಮ್ಮ ಮಾತ್ರ ಗುಡ್ಡದ ಕಡೆಗೇ ನೋಡುತ್ತ ನಿಂತಿದ್ದಳು.

"ಏನು ನೋಡ್ತೀ? ನಡಿ," ಎಂದ ಓಬಣ್ಣ.

"ಮಾವ, ಮ್ಯಾಲೆ ಹೋಗಿದ್ದೇನೋ ಹೋದೆ. ಬಳ್ಳಾರಿ ಹೆಂಗ ಕಾಣತೈತಿ ಅಂತ ನೋಡಲೇ ಇಲ್ಲ."

"ಮತ್ತ?"

"ಇನ್ನೊಂದು ಸಲ ಹೋಗಿ ಬರ್ತೀನಿ."

ಓಬಣ್ಣ ಡ್ರೈವರನ ಕಡೆ ಕೈ ಎತ್ತಿ, ತಡಿಯಪ್ಪ ಎಂದು ಕೂಗಿದ. ಅವಳು ನಿಧಾನವಾಗಿ ಹತ್ತಿದಳು, ಯಾರನ್ನೂ ಬೆನ್ನಟ್ಟದೆ. ಕೋಟೆಯ ಗೋಡೆಗೆ ಕೈಯಿಟ್ಟು ನಿಂತು ಸುತ್ತ ನೋಡಿದಳು. ಹೊಗೆಯುಗುಳುತ್ತ ಸ್ಟೇಷನ್ನಿನಿಂದ ಹೊರಟ ರೈಲು, ಬೀದಿಗಳಲ್ಲಿ ಜಟಕಾಗಳು, ಕರಿಯ ಎರೆಹೊಲ, ತವರಿದ್ದ ಬಡಗು ದಿಕ್ಕಿನ ಕೊನೆಯಲ್ಲಿ ಮಸುಕಾಗಿ ನೀಲಿಯ ಒಂದು ಗೆರೆ. ಕಣ್ತುಂಬ ನೋಡಿದಳು. ಆಮೇಲೆ ರುಮಾಲನ್ನು ತಲೆಗೆ ಗಟ್ಟಿಯಾಗಿ ಅದುಮಿಕೊಂಡು ಕೆಳಗೆ ಓಡಿದಳು. ಪೀಪಿಯಿರಲಿಲ್ಲ, ಮುಂದೆ ಯಾರೂ ಇರಲಿಲ್ಲ, ಹಿಂದೆ ಯಾರೂ ಇರಲಿಲ್ಲ. ಮನೆಗೆ ಹೊರಟಿದ್ದ ಜನ ಅವಳ ಕೇಕೆ ಕೇಳಿ ನಿಂತು, ಬಿಸಿಲಿಗೆ ಕಣ್ಣಿಗೆ ಕೈ ಅಡ್ಡ ಹಿಡಿದು, ಮೇಲಕ್ಕೆ ನೋಡಿದರು.